ಅಪ್‌ಡೇಟ್ ಆದ ಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್ ಸರಿಯಾಗಿ ಕಾಣ್ತಿಲ್ವಾ? ಹಂತ ಹಂತವಾಗಿ ಸರಿಮಾಡುವ ಕ್ರಮ

ಬಂದರಿನ ಸಗಟು ಅಂಗಡಿಯಿಂದ ಫೋನ್ ಬರಲಿ, ಮಲ್ಪೆಯ ಮೀನಿನ ಕಮಿಷನ್ ಕಚೇರಿಯಿಂದ ಬರಲಿ, ಬೈಕಂಪಾಡಿಯ ಕಾರ್ಖಾನೆಯಿಂದ ಬರಲಿ, ಮಾತು ಒಂದೇ. "ನಿನ್ನೆ ಅಪ್‌ಡೇಟ್ ಆಯ್ತು ಮಾರಾಯ್ರೆ, ಇವತ್ತು ಏನೂ ಸರಿ ಕಾಣ್ತಿಲ್ಲ. ತೆಗೆದು ಹೊಸದಾಗಿ ಹಾಕಿದೆ, ಆದ್ರೂ ಹಾಗೇ ಉಂಟು."

ತೊಂದರೆ ಇರುವುದು ಆ ಕೊನೆಯ ಮಾತಿನಲ್ಲಿ. ತೆಗೆದು ಹೊಸದಾಗಿ ಹಾಕುವುದು ಕೊನೆಯ ಮದ್ದು. ಜನ ಅದನ್ನೇ ಮೊದಲು ಮಾಡುತ್ತಾರೆ. ಪರದೆಯ ಮೇಲೆ ಕೆಟ್ಟು ಕಂಡರೆ ಒಳಗಿನ ಲೆಕ್ಕವೂ ಕೆಟ್ಟಿದೆ ಎಂದು ಅರ್ಥವಲ್ಲ. ಹೆಚ್ಚಿನ ಸಲ ಲೆಕ್ಕ ಸರಿಯಾಗಿಯೇ ಇರುತ್ತದೆ. ಅದು ಹಾಳಾಗುವುದು ಅವಸರದ ರಿಪೇರಿಯಿಂದ. ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಮೊದಲ ಎರಡು ಹಂತ ಬಿಟ್ಟು ಮುಂದಿನದಕ್ಕೆ ಹಾರಬೇಡಿ.

ಕೆಳಗಿನದೆಲ್ಲ ವಿಂಡೋಸ್ 10 ಮತ್ತು 11 ಇರುವ ಕಂಪ್ಯೂಟರ್‌ಗಳಿಗೆ. ಯಾವ ಕಂಪನಿಯ ಬಿಲ್ಲಿಂಗ್ ಅಥವಾ ಲೆಕ್ಕದ ಸಾಫ್ಟ್‌ವೇರ್ ಆದರೂ ಇದೇ ದಾರಿ. ಮೆನುವಿನ ಹೆಸರು ಒಂದೊಂದು ಕಡೆ ಸ್ವಲ್ಪ ಬೇರೆ ಇರಬಹುದು.

## ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಖಾಲಿ ಜಾಗ ಇರುವ ಒಂದು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್. ಮೊಬೈಲ್. ಕಂಪ್ಯೂಟರ್‌ನ ಅಡ್ಮಿನ್ ಪಾಸ್‌ವರ್ಡ್. ಸಾಫ್ಟ್‌ವೇರ್‌ನ ಲೈಸೆನ್ಸ್ ನಂಬರ್ ಮತ್ತು ಈಗಿನ ವರ್ಷನ್ ನಂಬರ್. ಸಾಧ್ಯವಾದರೆ ಇನ್ನೊಂದು ಮಾನಿಟರ್ ಕೇಬಲ್.

ಜೊತೆಗೆ ಅಪ್‌ಡೇಟ್‌ಗೆ ಮೊದಲು ಪ್ರಿಂಟ್ ಆದ ಒಂದು ಹಳೆಯ ಬಿಲ್ ಬೇಕು. ಇದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಆದರೆ ಮೊದಲು ಹೇಗಿತ್ತು ಎಂದು ಹೇಳುವ ಸಾಕ್ಷಿ ಅದೊಂದೇ. ಒಂದು ಪುಸ್ತಕ, ಪೆನ್ನು ಕೂಡ ಇರಲಿ. ಏನು ಬದಲಾಯಿಸಿದಿರಿ, ಮೊದಲು ಅಲ್ಲಿ ಏನಿತ್ತು ಎಂದು ಬರೆಯುತ್ತಾ ಹೋಗಿ.

## ಹಂತ 1: ಏನೂ ಮುಟ್ಟುವ ಮೊದಲು ಬ್ಯಾಕಪ್

ತಪ್ಪಾಗಿ ಕಾಣುವ ಪರದೆಯಲ್ಲಿ ಯಾವ ಬಿಲ್ಲನ್ನೂ ತೆರೆದು ತಿದ್ದಬೇಡಿ, ಸೇವ್ ಒತ್ತಬೇಡಿ. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆಯಿರಿ. ಎರರ್ ಸಂದೇಶ ಬಂದಿದ್ದರೆ ಅದರ ಪ್ರತಿ ಅಕ್ಷರವೂ ಓದುವಂತಿರಲಿ.

ಅಂಗಡಿಯಲ್ಲಿ ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಒಂದೇ ಡೇಟಾ ಬಳಸುತ್ತಿದ್ದರೆ ಎಲ್ಲರೂ ಸಾಫ್ಟ್‌ವೇರ್ ಮುಚ್ಚಿ ಹೊರಗೆ ಬರಲಿ. ಆಮೇಲೆ ಸಾಫ್ಟ್‌ವೇರ್‌ನ ಬ್ಯಾಕಪ್ ಆಯ್ಕೆಯಿಂದಲೇ ಬ್ಯಾಕಪ್ ತೆಗೆಯಿರಿ. ಅದು ಪೆನ್‌ಡ್ರೈವ್‌ಗೆ ಹೋಗಲಿ, ಅದೇ ಡಿಸ್ಕಿನ ಇನ್ನೊಂದು ಫೋಲ್ಡರ್‌ಗೆ ಅಲ್ಲ. ಹಳೆಯ ಬ್ಯಾಕಪ್ಪಿನ ಮೇಲೆ ಬರೆಯಬೇಡಿ. ತಾರೀಕು ಹಾಕಿ ಹೊಸ ಹೆಸರು ಕೊಡಿ. ಅಪ್‌ಡೇಟ್‌ಗೆ ಮೊದಲಿನ ಬ್ಯಾಕಪ್ ಇದ್ದರೆ ಅದು ಚಿನ್ನ, ಅದನ್ನು ಬೇರೆಯಾಗಿ ತೆಗೆದಿಡಿ.

ಬ್ಯಾಕಪ್ ಫೈಲಿನ ಗಾತ್ರ ನೋಡಿ. ಹಿಂದಿನ ವಾರದ್ದಕ್ಕಿಂತ ತುಂಬಾ ಚಿಕ್ಕದಾಗಿದ್ದರೆ ಅದು ಎಚ್ಚರಿಕೆ. ಇಲ್ಲೇ ನಿಲ್ಲಿಸಿ, ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿ.

## ಹಂತ 2: ದೋಷ ಎಲ್ಲಿದೆ ಎಂದು ಪತ್ತೆ ಮಾಡಿ

ಇದಕ್ಕೆ ಹತ್ತು ನಿಮಿಷ ಸಾಕು. ಇದನ್ನು ಮಾಡದವರು ಮಧ್ಯಾಹ್ನದವರೆಗೂ ಒದ್ದಾಡುತ್ತಾರೆ.

ಮೊದಲು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದಲ್ಲ, ರೀಸ್ಟಾರ್ಟ್ ಎಂಬ ಆಯ್ಕೆಯನ್ನೇ ಒತ್ತಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಆದಾಗ ಎಲ್ಲವೂ ಪೂರ್ತಿ ಮುಚ್ಚುವುದಿಲ್ಲ. ಅರ್ಧ ಮುಗಿದ ಅಪ್‌ಡೇಟ್ ಹಾಗೇ ಉಳಿದುಬಿಡುತ್ತದೆ.

ಆಮೇಲೂ ಸರಿಯಾಗದಿದ್ದರೆ ಸ್ಕ್ರೀನ್‌ಶಾಟ್ ಪರೀಕ್ಷೆ ಮಾಡಿ. ವಿಂಡೋಸ್ ಕೀ ಮತ್ತು ಪ್ರಿಂಟ್ ಸ್ಕ್ರೀನ್ ಒಟ್ಟಿಗೆ ಒತ್ತಿ. ಪಿಕ್ಚರ್ಸ್ ಫೋಲ್ಡರ್‌ನ ಸ್ಕ್ರೀನ್‌ಶಾಟ್ಸ್ ಒಳಗೆ ಬಂದ ಚಿತ್ರವನ್ನು ನಿಮ್ಮದೇ ಮೊಬೈಲಿಗೆ ಹಾಕಿ ನೋಡಿ. ಮೊಬೈಲಿನಲ್ಲಿ ಚಿತ್ರ ಸರಿಯಾಗಿ ಕಂಡರೆ ದೋಷ ಹೆಚ್ಚಾಗಿ ಮಾನಿಟರ್, ಕೇಬಲ್ ಅಥವಾ ಮಾನಿಟರಿನ ಸೆಟ್ಟಿಂಗ್‌ನಲ್ಲಿದೆ. ಸಾಫ್ಟ್‌ವೇರ್ ಮುಟ್ಟುವ ಅಗತ್ಯವೇ ಇಲ್ಲ. ಮೊಬೈಲಿನಲ್ಲೂ ಕೆಟ್ಟು ಕಂಡರೆ ದೋಷ ಕಂಪ್ಯೂಟರ್ ಒಳಗಿದೆ.

ಮುಂದಿನ ಪ್ರಶ್ನೆ: ಬೇರೆ ಪ್ರೋಗ್ರಾಂ ಹೇಗೆ ಕಾಣುತ್ತದೆ? ನೋಟ್‌ಪ್ಯಾಡ್, ಎಕ್ಸೆಲ್ ತೆರೆಯಿರಿ. ಅಲ್ಲೂ ಕೆಟ್ಟಿದ್ದರೆ ವಿಂಡೋಸ್ ಕಡೆ ನೋಡಬೇಕು. ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ಕೆಟ್ಟಿದ್ದರೆ ಅದರ ಕಡೆ.

ಕೊನೆಗೆ ಬಿಲ್ಲನ್ನು ಪಿಡಿಎಫ್ ಮಾಡಿ ನೋಡಿ. ಪ್ರಿಂಟರ್ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಎಂದು ಇರುತ್ತದೆ. ಪರದೆ ಕೆಟ್ಟು ಪಿಡಿಎಫ್ ಸರಿ ಇದ್ದರೆ ಡೇಟಾ ಚೆನ್ನಾಗಿಯೇ ಇದೆ ಎಂಬ ಧೈರ್ಯ ಸಿಗುತ್ತದೆ.

ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಕೆಳಗಿನ ಯಾವ ಹಂತ ನಿಮ್ಮದು ಎಂದು ಅವೇ ಹೇಳುತ್ತವೆ.

## ಹಂತ 3: ಕೇಬಲ್ ಮತ್ತು ಮಾನಿಟರ್

ಅಪ್‌ಡೇಟ್ ಆದ ಮರುದಿನ ಕೆಟ್ಟಿತು ಎಂದಮಾತ್ರಕ್ಕೆ ಅಪ್‌ಡೇಟ್‌ನಿಂದಲೇ ಕೆಟ್ಟಿತು ಎಂದು ಹೇಳಲಾಗದು. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪಿನಂಶ ಉಂಟು, ಮಳೆಗಾಲದಲ್ಲಿ ತೇವ ಬೇರೆ. ಹಳೆಯ ವಿಜಿಎ ಕೇಬಲ್‌ನ ಪಿನ್‌ಗಳು ಬೇಗ ಕಪ್ಪಾಗುತ್ತವೆ, ಹಸಿರು ಕಟ್ಟುತ್ತವೆ. ಪರದೆ ಇಡೀ ಗುಲಾಬಿ, ಹಸಿರು ಅಥವಾ ಹಳದಿ ಬಣ್ಣಕ್ಕೆ ತಿರುಗಿದ್ದರೆ, ಅಕ್ಷರದ ಪಕ್ಕ ನೆರಳು ಬಂದಿದ್ದರೆ ಮೊದಲು ಇದನ್ನೇ ನೋಡಿ.

ಕಂಪ್ಯೂಟರ್, ಮಾನಿಟರ್ ಎರಡನ್ನೂ ಆಫ್ ಮಾಡಿ ಕೇಬಲ್ ಬಿಚ್ಚಿ. ಪಿನ್ ಬಾಗಿದೆಯಾ, ಬಣ್ಣ ಬದಲಾಗಿದೆಯಾ ನೋಡಿ ಮತ್ತೆ ಗಟ್ಟಿಯಾಗಿ ಹಾಕಿ. ಆದರೆ ಬೇರೆ ಕೇಬಲ್ ಹಾಕಿ ನೋಡುವುದೇ ಖಚಿತ ಪರೀಕ್ಷೆ. ಗುಡುಗು ಸಿಡಿಲು ಇರುವಾಗ ಈ ಕೆಲಸ ಬೇಡ. ವಿಜಿಎ ಇದ್ದರೆ ಮಾನಿಟರಿನ ಆಟೋ ಅಡ್ಜಸ್ಟ್ ಬಟನ್ ಒಮ್ಮೆ ಒತ್ತಿ, ಪಕ್ಕಕ್ಕೆ ಸರಿದ ಚಿತ್ರ ಜಾಗಕ್ಕೆ ಬರುತ್ತದೆ.

## ಹಂತ 4: ಎಲ್ಲವೂ ದೊಡ್ಡದು, ಚಿಕ್ಕದು, ಅಥವಾ ಕೆಳಗಿನ ಬಟನ್ ಕಾಣುತ್ತಿಲ್ಲ

ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಎರಡು ಸಂಗತಿ ಇವೆ. ಡಿಸ್‌ಪ್ಲೇ ರೆಸಲ್ಯೂಷನ್ ಮತ್ತು ಸ್ಕೇಲ್. ಇವೆರಡನ್ನೂ ಒಂದೇ ಎಂದುಕೊಳ್ಳುವವರು ಜಾಸ್ತಿ.

ರೆಸಲ್ಯೂಷನ್ ಎಂದರೆ ಪರದೆಯಲ್ಲಿ ಒಟ್ಟು ಎಷ್ಟು ಚುಕ್ಕೆ ಎಂಬ ಲೆಕ್ಕ. ಅದು ಯಾವಾಗಲೂ ರೆಕಮೆಂಡೆಡ್ ಎಂದು ಬರೆದಿರುವುದರ ಮೇಲೆಯೇ ಇರಲಿ. ಅಕ್ಷರ ದೊಡ್ಡದಾಗಲಿ ಎಂದು ರೆಸಲ್ಯೂಷನ್ ಇಳಿಸಿದರೆ ಎಲ್ಲವೂ ಮಸುಕಾಗುತ್ತದೆ. ದೊಡ್ಡದು ಚಿಕ್ಕದು ಮಾಡಲು ಇರುವುದು ಸ್ಕೇಲ್.

ಸೇವ್ ಬಟನ್ ಕಾಣದಿರುವುದಕ್ಕೆ ಹೆಚ್ಚಿನ ಸಲ ಕಾರಣ ಇಲ್ಲಿದೆ. ಹಳೆಯ ಲ್ಯಾಪ್‌ಟಾಪ್‌ಗಳ ಪರದೆ 1366 x 768. ಅದರಲ್ಲಿ ಸ್ಕೇಲ್ 125% ಆದರೆ ಸಾಫ್ಟ್‌ವೇರ್‌ಗೆ ಸಿಗುವ ಎತ್ತರ ಸುಮಾರು 614 ಚುಕ್ಕೆಯಷ್ಟು ಮಾತ್ರ. ಟಾಸ್ಕ್‌ಬಾರ್ ಅದರಲ್ಲೂ ಪಾಲು ಕೇಳುತ್ತದೆ. ಹೊಸ ವರ್ಷನ್‌ನಲ್ಲಿ ಒಂದೆರಡು ಸಾಲು ಹೆಚ್ಚಿದ್ದರೆ ಕೆಳಗಿನ ಬಟನ್ ಪರದೆಯ ಹೊರಗೆ ಹೋಗುತ್ತದೆ. ಸ್ಕೇಲ್ 100% ಮಾಡಿ. ಟಾಸ್ಕ್‌ಬಾರ್ ತಾನಾಗಿ ಅಡಗುವಂತೆಯೂ ಮಾಡಬಹುದು. ಸಾಫ್ಟ್‌ವೇರ್ ಮುಚ್ಚಿ, ಸೈನ್ ಔಟ್ ಆಗಿ, ಮತ್ತೆ ಒಳಗೆ ಬನ್ನಿ. ಸ್ಕೇಲ್ ಬದಲಾದದ್ದು ಕೆಲವು ಪ್ರೋಗ್ರಾಂಗಳಿಗೆ ಆಮೇಲಷ್ಟೇ ಗೊತ್ತಾಗುತ್ತದೆ.

100% ಮಾಡಿದರೆ ಕೌಂಟರ್‌ನಲ್ಲಿ ಕೂರುವ ಹಿರಿಯರಿಗೆ ಓದಲು ಕಷ್ಟ ಎಂಬುದು ನಿಜ. ಅಂಥಲ್ಲಿ ದೊಡ್ಡ ಮಾನಿಟರ್ ಕೊಡಿಸುವುದೇ ಸರಿ ಎಂದು ನನ್ನ ಅಭಿಪ್ರಾಯ. ದಿನವಿಡೀ ಕಣ್ಣು ಕಿರಿದು ಮಾಡಿಕೊಂಡು ಬಿಲ್ ಹಾಕಿದರೆ ತಪ್ಪು ಆಗಿಯೇ ಆಗುತ್ತದೆ.

ಆ್ಯಕ್ಸೆಸಿಬಿಲಿಟಿ ಒಳಗೆ ಟೆಕ್ಸ್ಟ್ ಸೈಜ್ ಎಂಬ ಇನ್ನೊಂದು ಆಯ್ಕೆ ಉಂಟು. ಅದು ಅಕ್ಷರವನ್ನು ಮಾತ್ರ ದೊಡ್ಡದು ಮಾಡುತ್ತದೆ, ಪೆಟ್ಟಿಗೆಯನ್ನಲ್ಲ. ಅಕ್ಷರಗಳು ಬಟನ್‌ನಿಂದ ಹೊರಗೆ ಚೆಲ್ಲಿದಂತೆ ಕಂಡರೆ ಅದನ್ನು 100%ಕ್ಕೆ ತನ್ನಿ. ಪರದೆ ಇಡೀ ಕಪ್ಪಾಗಿ ಅಕ್ಷರ ಹಳದಿಯಾಗಿದ್ದರೆ ಯಾರೋ ಕೈತಪ್ಪಿ ಹೈ ಕಾಂಟ್ರಾಸ್ಟ್ ಆನ್ ಮಾಡಿದ್ದಾರೆ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ಪ್ರಿಂಟ್ ಸ್ಕ್ರೀನ್ ಒಟ್ಟಿಗೆ ಒತ್ತಿದರೆ ಅದು ಹೋಗುತ್ತದೆ.

## ಹಂತ 5: ಒಂದೇ ಸಾಫ್ಟ್‌ವೇರ್ ಮಸುಕಾಗಿದೆ ಅಥವಾ ಇರುವೆಯಷ್ಟು ಚಿಕ್ಕದಾಗಿದೆ

ಎಕ್ಸೆಲ್ ಸ್ಪಷ್ಟ, ಬಿಲ್ಲಿಂಗ್ ಮಾತ್ರ ಮಸುಕು ಎಂದಾದರೆ ಅದರ ಡೆಸ್ಕ್‌ಟಾಪ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ಮೊದಲು ಶಾರ್ಟ್‌ಕಟ್ ಟ್ಯಾಬ್‌ನಲ್ಲಿ ಟಾರ್ಗೆಟ್ ನೋಡಿ. ಕೆಲವು ಅಪ್‌ಡೇಟ್‌ಗಳು ಹೊಸ ಫೋಲ್ಡರ್‌ನಲ್ಲಿ ಕೂರುತ್ತವೆ. ನಿಮ್ಮ ಐಕಾನ್ ಇನ್ನೂ ಹಳೆಯ ವರ್ಷನ್ನನ್ನೇ ತೆರೆಯುತ್ತಿರಬಹುದು! ಹಳೆಯದರಲ್ಲಿ ಬಿಲ್ ಹಾಕುತ್ತಾ ಹೋದರೆ ಆಮೇಲೆ ಎರಡು ಕಡೆಯ ಲೆಕ್ಕ ಸೇರಿಸುವ ತಲೆನೋವು.

ಐಕಾನ್ ಸರಿ ಇದ್ದರೆ ಕಂಪ್ಯಾಟಿಬಿಲಿಟಿ ಟ್ಯಾಬ್, ಅದರಲ್ಲಿ ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಕೆಳಗಿನ ಓವರ್‌ರೈಡ್ ಎಂಬ ಚೌಕಕ್ಕೆ ಟಿಕ್ ಹಾಕಿ. ಮೂರು ಆಯ್ಕೆ ಸಿಗುತ್ತವೆ. ಮಸುಕಾಗಿದ್ದರೆ ಮೊದಲು ಸಿಸ್ಟಮ್ ಎನ್‌ಹ್ಯಾನ್ಸ್ಡ್ ಹಾಕಿ ನೋಡಿ. ಅದರಲ್ಲಿ ಸರಿಯಾಗದಿದ್ದರೆ ಅಪ್ಲಿಕೇಷನ್. ಇದರಲ್ಲಿ ಅಕ್ಷರ ಚೂಪಾಗುತ್ತದೆ, ಆದರೆ ಚಿಕ್ಕದಾಗಬಹುದು. ತೀರಾ ಚಿಕ್ಕದಾಗಿದ್ದರೆ ಸಿಸ್ಟಮ್. ಪ್ರತಿ ಸಲವೂ ಸಾಫ್ಟ್‌ವೇರ್ ಮುಚ್ಚಿ ತೆರೆಯಬೇಕು.

"ಹೋದ ವರ್ಷ ಇದನ್ನೇ ಮಾಡಿದ್ದೆ, ಮತ್ತೆ ಯಾಕೆ ಹೋಯ್ತು?" ಎಂದು ಕೇಳುವವರಿದ್ದಾರೆ. ವಿಂಡೋಸ್ ಈ ಆಯ್ಕೆಯನ್ನು ಪ್ರೋಗ್ರಾಂ ಇರುವ ಜಾಗದ ಜೊತೆ ನೆನಪಿಡುತ್ತದೆ. ಅಪ್‌ಡೇಟ್ ಆಗಿ ಫೋಲ್ಡರ್ ಬದಲಾದರೆ ಆಯ್ಕೆಯೂ ಹೋಗುತ್ತದೆ. ಹಾಗಾಗಿ ಯಾವುದು ಹೊಂದಿತು ಎಂದು ಪುಸ್ತಕದಲ್ಲಿ ಬರೆದಿಡಿ.

ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬೇರೆ ಕಡೆಯ ಸರ್ವರ್‌ನಲ್ಲಿ ಕೆಲಸ ಮಾಡುವವರು ಆ ಸರ್ವರ್ ಒಳಗೆ ಸ್ಕೇಲ್ ಹುಡುಕಬೇಡಿ. ಅಲ್ಲಿ ಬದಲಾಯಿಸಲು ಬಿಡುವುದಿಲ್ಲ. ಸಂಪರ್ಕ ಕಡಿದು, ನಿಮ್ಮ ಕಂಪ್ಯೂಟರ್‌ನಲ್ಲಿ ಸರಿಮಾಡಿ, ಮತ್ತೆ ಸಂಪರ್ಕಿಸಿ.

## ಹಂತ 6: ಕಿಟಕಿಯೇ ಮಾಯ

ಸಾಫ್ಟ್‌ವೇರ್ ತೆರೆದಿದೆ, ಟಾಸ್ಕ್‌ಬಾರ್‌ನಲ್ಲಿ ಕಾಣುತ್ತದೆ, ಪರದೆಯಲ್ಲಿ ಮಾತ್ರ ಇಲ್ಲ. ಮೊದಲು ಎರಡು ಮಾನಿಟರ್ ಇದ್ದು ಈಗ ಒಂದೇ ಇರುವ ಕಡೆ ಹೀಗಾಗುತ್ತದೆ. ಈಗ ಇಲ್ಲದ ಆ ಎರಡನೇ ಮಾನಿಟರ್ ಮೇಲೆ ಕಿಟಕಿ ಕೂತಿರುತ್ತದೆ.

ಟಾಸ್ಕ್‌ಬಾರ್‌ನಲ್ಲಿ ಅದರ ಐಕಾನ್ ಕ್ಲಿಕ್ ಮಾಡಿ, ಆಲ್ಟ್ ಮತ್ತು ಸ್ಪೇಸ್ ಒತ್ತಿ, ಆಮೇಲೆ ಎಂ ಒತ್ತಿ. ಒಂದು ಬಾಣದ ಕೀ ಒತ್ತಿದ ಮೇಲೆ ಮೌಸ್ ಅಲುಗಾಡಿಸಿದರೆ ಕಿಟಕಿ ಮೌಸ್ ಜೊತೆ ಬರುತ್ತದೆ. ಬರದಿದ್ದರೆ ವಿಂಡೋಸ್ ಕೀ ಮತ್ತು ಪಿ ಒತ್ತಿ, ಪಿಸಿ ಸ್ಕ್ರೀನ್ ಓನ್ಲಿ ಆರಿಸಿ.

## ಹಂತ 7: ಕನ್ನಡ ಅಕ್ಷರ ಕೆಟ್ಟಿದೆ

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿನವರು ಸೋಲುವುದು ಇಲ್ಲೇ. ಐಟಂ ಹೆಸರನ್ನು ಕನ್ನಡದಲ್ಲಿ ಇಟ್ಟುಕೊಂಡ ಅಂಗಡಿಗಳಿಗೆ ದುಡ್ಡಿನ ನಷ್ಟವೂ ಆಗುವುದು ಇಲ್ಲೇ. ತುಳು, ಕೊಂಕಣಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಹಾಕಿದವರಿಗೂ ಇದೇ ಮಾತು.

ಕೆಟ್ಟಿದೆ ಎನ್ನುವುದರಲ್ಲಿ ಐದು ಬಗೆ ಇವೆ. ಒಂದೊಂದಕ್ಕೂ ಮದ್ದು ಬೇರೆ.

ಬರೀ ಚೌಕಗಳು ಕಾಣುತ್ತಿವೆ. ಡೇಟಾ ಸುರಕ್ಷಿತ. ಆ ಅಕ್ಷರ ಬಿಡಿಸುವ ಫಾಂಟ್ ಸಿಗುತ್ತಿಲ್ಲ, ಅಷ್ಟೆ. ವಿಂಡೋಸ್ 10 ಮತ್ತು 11ರಲ್ಲಿ ಕನ್ನಡಕ್ಕೆ ನಿರ್ಮಲಾ ಯುಐ ಫಾಂಟ್ ಜೊತೆಗೇ ಬರುತ್ತದೆ. ಹಳೆಯ ಸಾಫ್ಟ್‌ವೇರ್‌ಗಳು ಕೇಳುವುದು ತುಂಗಾ ಫಾಂಟನ್ನು. ಅದು ಈಗ ತಾನಾಗಿ ಬರಬೇಕೆಂದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಹುಡುಕಿ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ಇದಕ್ಕೆ ಇಂಟರ್ನೆಟ್ ಬೇಕು. ಆಮೇಲೆ ರೀಸ್ಟಾರ್ಟ್ ಮಾಡಿ. ಸಾಫ್ಟ್‌ವೇರ್‌ನಲ್ಲಿ ಫಾಂಟ್ ಆರಿಸುವ ಜಾಗ ಇದ್ದರೆ ನಿರ್ಮಲಾ ಯುಐ ಹಾಕಿದರೂ ಆಯಿತು.

ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತಿವೆ. ಇದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದ ಹೆಸರಿರಬಹುದು. ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಈಗಿನ ಪದ್ಧತಿ) ಅಲ್ಲದ ಆ ಬಗೆಯ ಫಾಂಟಿನಲ್ಲಿ ಕಂಪ್ಯೂಟರ್ ಉಳಿಸುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ. ಫಾಂಟ್ ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತದೆ. ಅಪ್‌ಡೇಟ್‌ನಲ್ಲಿ ಆ ಫಾಂಟಿನ ಆಯ್ಕೆ ಹೋದರೆ ಒಳಗಿನ ಇಂಗ್ಲಿಷ್ ಹೊರಗೆ ಬರುತ್ತದೆ. ಇಲ್ಲೂ ಡೇಟಾ ಸುರಕ್ಷಿತ. ಅದೇ ಫಾಂಟನ್ನು ಮತ್ತೆ ಹಾಕಿ. ಫಾಂಟ್ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಎಂದೇ ಆರಿಸಿ. ಸುಮ್ನೆ ಇನ್‌ಸ್ಟಾಲ್ ಒತ್ತಿದರೆ ಒಬ್ಬ ಬಳಕೆದಾರನಿಗೆ ಮಾತ್ರ ಸಿಗುತ್ತದೆ, ಕೆಲವು ಪ್ರೋಗ್ರಾಂಗಳಿಗೆ ಅದು ಕಾಣುವುದೇ ಇಲ್ಲ. ಬಿಡುವಾದಾಗ ಈ ಹೆಸರುಗಳನ್ನೆಲ್ಲ ಯುನಿಕೋಡ್‌ಗೆ ಬದಲಾಯಿಸಿ. ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲೂ ಇದೇ ಗೋಳು.

ತಲೆಯ ಮೇಲೆ ಗೆರೆ ಇರುವ ಇಂಗ್ಲಿಷಿನ ಎ ಅಕ್ಷರ (à) ಮತ್ತೆ ಮತ್ತೆ ಬರುತ್ತಿದೆ. ಇದು ಯುನಿಕೋಡ್ ಕನ್ನಡವೇ, ತಪ್ಪು ಬಗೆಯಲ್ಲಿ ಓದಿಸಿಕೊಂಡಿದೆ. ಸಾಫ್ಟ್‌ವೇರ್‌ನಿಂದ ತೆಗೆದ ಪಟ್ಟಿಯ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರ ಡಬಲ್ ಕ್ಲಿಕ್ ಮಾಡಿ ತೆರೆದಾಗ ಹೀಗಾಗುವುದು ಜಾಸ್ತಿ. ಉಳಿಸದೆ ಮುಚ್ಚಿ. ಖಾಲಿ ಎಕ್ಸೆಲ್ ತೆರೆದು ಡೇಟಾ ಮೆನುವಿನಿಂದ ಫ್ರಮ್ ಟೆಕ್ಸ್ಟ್ ಆರ್ ಸಿಎಸ್‌ವಿ ಆರಿಸಿ, ಫೈಲ್ ಒರಿಜಿನ್‌ನಲ್ಲಿ 65001 ಯುನಿಕೋಡ್ ಯುಟಿಎಫ್-8 ಹಾಕಿ.

ಒತ್ತಕ್ಷರ ಬಿಡಿಬಿಡಿಯಾಗಿದೆ. ಮಟ್ಟುಗುಳ್ಳ, ಕುಚ್ಚಲಕ್ಕಿ, ಶಂಕರಪುರ ಮಲ್ಲಿಗೆಯ ಅಟ್ಟೆ, ಅರ್ಧ ಕೆಜಿ. ಈ ಹೆಸರುಗಳನ್ನು ಪರೀಕ್ಷೆಗೆ ಇಟ್ಟುಕೊಳ್ಳಿ. ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಅರ್ಧ ಅಕ್ಷರವಾಗಿ ನಿಂತರೆ, ಅರ್ಕಾವತ್ತು ಜಾಗ ತಪ್ಪಿದರೆ, ಅಕ್ಷರ ಜೋಡಿಸುವ ಕೆಲಸವನ್ನು ಸಾಫ್ಟ್‌ವೇರ್ ಸರಿಯಾಗಿ ಮಾಡುತ್ತಿಲ್ಲ. ಅದೇ ಹೆಸರನ್ನು ನೋಟ್‌ಪ್ಯಾಡ್‌ಗೆ ಕಾಪಿ ಮಾಡಿ. ಅಲ್ಲಿ ಚೆನ್ನಾಗಿದ್ದರೆ ವಿಂಡೋಸ್ ಸರಿ ಇದೆ. ನೀವು ಎಷ್ಟು ಫಾಂಟ್ ಹಾಕಿದರೂ ಪ್ರಯೋಜನ ಕಡಿಮೆ. ಸಾಫ್ಟ್‌ವೇರ್ ಕಂಪನಿಯೇ ತಿದ್ದಬೇಕು. ಎರಡೂ ಕಡೆಯ ಫೋಟೋ ತೆಗೆದು ಅವರಿಗೆ ಕಳಿಸಿ.

ಪ್ರಶ್ನೆ ಚಿಹ್ನೆಗಳು ಮಾತ್ರ ಕಾಣುತ್ತಿವೆ: ?????? ಕೂಡಲೇ ಕೆಲಸ ನಿಲ್ಲಿಸಿ. ಇದು ಮಾತ್ರ ನಿಜಕ್ಕೂ ಅಪಾಯ. ಯುನಿಕೋಡ್ ತಿಳಿಯದ ಜಾಗದ ಮೂಲಕ ಕನ್ನಡ ಹಾದುಹೋದಾಗ ಪ್ರತಿ ಅಕ್ಷರದ ಬದಲು ಪ್ರಶ್ನೆ ಚಿಹ್ನೆ ಬರುತ್ತದೆ. ಅದು ಪರದೆಯಲ್ಲಿ ಮಾತ್ರ ಆಗಿದ್ದರೆ ಬದುಕಿದಿರಿ. ಹಾಗೆ ಕಂಡ ಐಟಂ ತೆರೆದು ಸೇವ್ ಒತ್ತಿದರೆ ನಿಜವಾದ ಹೆಸರು ಅಳಿಸಿಹೋಗಿ ಪ್ರಶ್ನೆ ಚಿಹ್ನೆಗಳೇ ಉಳಿಯುತ್ತವೆ. ಮತ್ತೆ ಯಾವ ಫಾಂಟ್ ಹಾಕಿದರೂ ಹೆಸರು ಬರುವುದಿಲ್ಲ. ಬ್ಯಾಕಪ್ಪಿನಿಂದಲೇ ತರಬೇಕು. ವಿಂಡೋಸ್‌ನಲ್ಲಿ ಸಿಸ್ಟಮ್ ಲೊಕೇಲ್ (ಯುನಿಕೋಡ್ ತಿಳಿಯದ ಪ್ರೋಗ್ರಾಂಗಳ ಭಾಷೆ ಆರಿಸುವ ಸೆಟ್ಟಿಂಗ್) ಬದಲಾಯಿಸಿ ನೋಡಿ ಎಂದು ಯಾರಾದರೂ ಸಲಹೆ ಕೊಡಬಹುದು. ಕನ್ನಡಕ್ಕೆ ಯುನಿಕೋಡ್ ಬಿಟ್ಟರೆ ಆ ಸೆಟ್ಟಿಂಗ್‌ನಲ್ಲಿ ಬಳಸುವ ಹಳೆಯ ಬಗೆಯ ಕೋಡ್ ಪೇಜ್ (ಅಕ್ಷರಗಳ ಸಂಖ್ಯೆಯ ಪಟ್ಟಿ) ಇಲ್ಲ. ಹಾಗಾಗಿ ಬೇರೆ ಭಾಷೆಗಳಿಗೆ ನಡೆಯುವ ಆ ಉಪಾಯ ನಮಗೆ ಆಗಿಬರುವುದಿಲ್ಲ. ಅಂಗಡಿಯ ಉಳಿದ ಹಳೆಯ ಪ್ರೋಗ್ರಾಂಗಳು ಕೆಡುವ ಸಾಧ್ಯತೆ ಬೇರೆ. ಬ್ಯಾಕಪ್ ಕೈಯಲ್ಲಿಟ್ಟುಕೊಂಡು ಕಂಪನಿಯವರಿಗೆ ಫೋನ್ ಮಾಡಿ.

## ಹಂತ 8: ಮೊತ್ತ, ತಾರೀಕು, ರೂಪಾಯಿ ಚಿಹ್ನೆ

ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಪ್ರದೇಶ ಅಮೆರಿಕ ಎಂದು ಉಳಿದಿದ್ದರೆ 12,34,567 ಎಂಬುದು 1,234,567 ಎಂದು ಕಾಣುತ್ತದೆ. ಅದು ಬರೀ ಕಣ್ಣಿಗೆ ಕಿರಿಕಿರಿ. ತಾರೀಕಿನದು ಹಾಗಲ್ಲ. ನೀವು ಜೂನ್ 5 ಎಂದುಕೊಂಡು 05-06 ಬರೆದರೆ ಅದು ಮೇ 6 ಆಗಿ ಕೂರಬಹುದು. ಬಿಲ್ ತಪ್ಪು ತಿಂಗಳಿನ ಜಿಎಸ್‌ಟಿ ರಿಟರ್ನ್‌ಗೆ ಹೋಗುತ್ತದೆ. 12ರ ಒಳಗಿನ ತಾರೀಕುಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. 13 ಅಥವಾ ಅದರ ನಂತರದ ತಾರೀಕು ಹಾಕಿದಾಗ ಮಾತ್ರ ಎರರ್ ಬರುತ್ತದೆ. ತಿಂಗಳ ಮೊದಲರ್ಧ ಸರಿಯಿದ್ದು ಆಮೇಲೆ ಎರರ್ ಶುರುವಾದರೆ ಅದೇ ಸುಳಿವು. ಹಿಂದಿನ ಬಿಲ್‌ಗಳ ತಾರೀಕನ್ನೆಲ್ಲ ಪರೀಕ್ಷಿಸಿ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನ್ ತೆರೆದು ಇಂಗ್ಲಿಷ್ ಇಂಡಿಯಾ ಆರಿಸಿ. ಶಾರ್ಟ್ ಡೇಟ್‌ನಲ್ಲಿ ದಿನ ಮೊದಲು, ತಿಂಗಳು ಆಮೇಲೆ ಬರುವಂತೆ ಇಡಿ. ಅಡಿಷನಲ್ ಸೆಟ್ಟಿಂಗ್ಸ್ ಒಳಗೆ ಡಿಜಿಟ್ ಗ್ರೂಪಿಂಗ್‌ನಲ್ಲಿ 12,34,56,789 ಎಂಬುದನ್ನು ಆರಿಸಿ.

₹ ಬದಲು ಚೌಕ ಬಂದರೆ ಫಾಂಟ್ ಹಳೆಯದು. ಬೇರೆ ಫಾಂಟ್ ಹಾಕಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಮಾತ್ರ ತಪ್ಪು ಬಂದರೆ ಕಂಪನಿ ಸೆಟ್ಟಿಂಗ್‌ನಲ್ಲಿ ಚಿಹ್ನೆಯ ಬದಲು ಇಂಗ್ಲಿಷಿನಲ್ಲಿ ಆರ್‌ಎಸ್ ಎಂದು ಬರೆದರೆ ಮುಗಿಯಿತು.

## ಹಂತ 9: ಬ್ರೌಸರ್‌ನಲ್ಲಿ ನಡೆಯುವ ಸಾಫ್ಟ್‌ವೇರ್

ಮೆನು ಕಾಣುತ್ತಿಲ್ಲ, ಬಿಳಿ ಪುಟ ಬರುತ್ತದೆ, ಕಾಲಂಗಳು ಒಂದರ ಮೇಲೊಂದು ಬಿದ್ದಿವೆ. ಹೆಚ್ಚಾಗಿ ಹಳೆಯ ಪುಟದ ತುಣುಕುಗಳು ಬ್ರೌಸರ್‌ನಲ್ಲಿ ಉಳಿದು ಹೊಸದರ ಜೊತೆ ಬೆರೆತಿರುತ್ತವೆ.

ಕ್ರಮ ಹೀಗಿರಲಿ. ಕಂಟ್ರೋಲ್ ಮತ್ತು ಸೊನ್ನೆ ಒತ್ತಿ ಜೂಮ್ ಸರಿಮಾಡಿ. ಕಂಟ್ರೋಲ್ ಮತ್ತು ಎಫ್5 ಒತ್ತಿ ಪುಟವನ್ನು ಪೂರ್ತಿ ಹೊಸದಾಗಿ ತರಿಸಿ. ಬ್ರೌಸರ್ ಪುಟವನ್ನು ತಾನೇ ಅನುವಾದ ಮಾಡಿದೆಯಾ ನೋಡಿ, ಮಾಡಿದ್ದರೆ ಮೂಲ ಭಾಷೆಗೆ ತನ್ನಿ. ಆಮೇಲೆ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಸರಿ ಕಂಡರೆ ದೋಷ ಉಳಿದುಕೊಂಡ ಫೈಲ್‌ಗಳಲ್ಲಿ ಅಥವಾ ಎಕ್ಸ್‌ಟೆನ್ಷನ್‌ಗಳಲ್ಲಿ (ಬ್ರೌಸರ್‌ಗೆ ಸೇರಿಸಿಕೊಂಡ ಸಣ್ಣ ಪ್ರೋಗ್ರಾಂಗಳಲ್ಲಿ) ಇದೆ. ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ.

ಇನ್ನು ಅಳಿಸುವ ಮಾತು. ಇಂಟರ್ನೆಟ್ ಇಲ್ಲದಾಗಲೂ ಬಿಲ್ ಹಾಕಲು ಬಿಡುವ ಸಾಫ್ಟ್‌ವೇರ್‌ಗಳು ಆ ಬಿಲ್‌ಗಳನ್ನು ಬ್ರೌಸರ್ ಒಳಗೇ ಇಟ್ಟಿರುತ್ತವೆ. ಸರ್ವರ್‌ಗೆ ಹೋಗದ ಬಿಲ್ ಇರುವಾಗ ಕುಕೀಸ್ ಮತ್ತು ಸೈಟ್ ಡೇಟಾ ಅಳಿಸಿದರೆ ಅವೆಲ್ಲ ಹೋದವು. ಕರೆಂಟು, ನೆಟ್ಟು ಎರಡೂ ಕೈಕೊಡುವ ಜೂನ್, ಜುಲೈ ತಿಂಗಳಲ್ಲಿ ಇದು ಬರೀ ಊಹೆಯ ಮಾತಲ್ಲ. ಸಿಂಕ್ ಮುಗಿದಿದೆ ಎಂದು ಖಚಿತ ಮಾಡಿಕೊಳ್ಳಿ. ಆಮೇಲೂ ಕ್ಯಾಶ್ಡ್ ಇಮೇಜಸ್ ಆ್ಯಂಡ್ ಫೈಲ್ಸ್ ಎಂಬುದಕ್ಕೆ ಮಾತ್ರ ಟಿಕ್ ಹಾಕಿ ಅಳಿಸಿ.

ಸೈಟ್ ತೆರೆಯುವುದೇ ಇಲ್ಲ, ಸುರಕ್ಷಿತವಲ್ಲ ಎನ್ನುತ್ತದೆ ಎಂದಾದರೆ ಕಂಪ್ಯೂಟರ್‌ನ ಗಡಿಯಾರ ನೋಡಿ. ಮದರ್‌ಬೋರ್ಡ್‌ನ ಸಣ್ಣ ಬ್ಯಾಟರಿ ಮುಗಿದರೆ ತಾರೀಕು ಹಿಂದೆ ಹೋಗಿರುತ್ತದೆ.

## ಹಂತ 10: ಪರದೆ ಮಿನುಗುತ್ತದೆ, ಕಪ್ಪು ತೇಪೆ ಬರುತ್ತದೆ

ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಕಪ್ಪಾಗಿ ಮರಳುತ್ತದೆ. ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಪ್ರೋಗ್ರಾಂ, ಮತ್ತೆ ಶುರುವಾಯಿತು ಎಂದರ್ಥ. ತೆರೆದ ಪ್ರೋಗ್ರಾಂಗಳು ಮುಚ್ಚುವುದಿಲ್ಲ.

ಮತ್ತೆ ಮತ್ತೆ ಬರುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆಯಿರಿ. ಅಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ನಿಮ್ಮ ಕಂಪ್ಯೂಟರ್‌ನ ಸ್ವಂತ ಡ್ರೈವರ್ ಕಳೆದುಹೋಗಿದೆ. ಕಂಪ್ಯೂಟರ್ ತಯಾರಿಸಿದ ಕಂಪನಿಯ ಅಧಿಕೃತ ತಾಣದಿಂದ ಅದನ್ನು ತಂದು ಹಾಕಿ. ಡ್ರೈವರ್ ಅಪ್‌ಡೇಟರ್ ಎಂದು ಜಾಹೀರಾತಿನಲ್ಲಿ ಬರುವ ಯಾವುದನ್ನೂ ಹಾಕಬೇಡಿ. ಹೊಸ ಡ್ರೈವರ್ ಬಂದ ಮೇಲೆಯೇ ಕೆಟ್ಟಿದ್ದರೆ ಅದೇ ಜಾಗದಲ್ಲಿ ಪ್ರಾಪರ್ಟೀಸ್, ಡ್ರೈವರ್, ರೋಲ್ ಬ್ಯಾಕ್ ಡ್ರೈವರ್. ಆ ಬಟನ್ ಮಂಕಾಗಿದ್ದರೆ ಹಳೆಯದು ಉಳಿದಿಲ್ಲ. ಬ್ರೌಸರ್‌ನಲ್ಲಿ ಮಾತ್ರ ಮಿನುಗುವುದಾದರೆ ಅದರ ಸಿಸ್ಟಮ್ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಆ್ಯಕ್ಸಿಲರೇಷನ್ ಆಫ್ ಮಾಡಿ ನೋಡಿ.

## ಹಂತ 11: ಪರದೆ ಸರಿ, ಬಿಲ್ ತಪ್ಪು

ಅಪ್‌ಡೇಟ್ ಆದಾಗ ಪ್ರಿಂಟರ್‌ನ ಕಾಗದದ ಅಳತೆ ಬದಲಾಗಿರಬಹುದು. ಎ4 ಬದಲು ಲೆಟರ್ ಆದರೆ ಎತ್ತರ 297 ಮಿಮೀ ಹೋಗಿ 279 ಮಿಮೀ ಆಗುತ್ತದೆ, ಕೊನೆಯ ಸಾಲುಗಳು ಎರಡನೇ ಪುಟಕ್ಕೆ ಹೋಗುತ್ತವೆ. ಥರ್ಮಲ್ ಪ್ರಿಂಟರ್‌ನಲ್ಲಿ 80 ಮಿಮೀ ಕಾಗದ ಇದ್ದರೂ ಅಚ್ಚಾಗುವ ಅಗಲ ಸಾಮಾನ್ಯವಾಗಿ 72 ಮಿಮೀ, 58ರಲ್ಲಿ 48 ಮಿಮೀ. ಬಲಗಡೆ ಮೊತ್ತ ಕತ್ತರಿಸಿ ಬಂದರೆ ಇಲ್ಲಿ ನೋಡಿ.

ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) ಮಾಡಬೇಕಾದವರು, ಅಂದರೆ ವರ್ಷದ ವ್ಯವಹಾರ 5 ಕೋಟಿ ರೂಪಾಯಿ ದಾಟಿದವರು, ಕ್ಯೂಆರ್ ಕೋಡನ್ನು ಒಮ್ಮೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನೋಡಿಯೇ ಬಿಲ್ ಕೊಡಿ. ಚಪ್ಪಟೆಯಾದ ಕೋಡ್ ಕಣ್ಣಿಗೆ ಸರಿ ಕಂಡರೂ ಓದದೆ ಇರಬಹುದು.

## ಹಂತ 12: ಹಿಂದಕ್ಕೆ ಹೋಗುವುದು, ಸಹಾಯ ಕೇಳುವುದು

ಹಳೆಯ ವರ್ಷನ್ ಹಾಕಿಬಿಡೋಣ ಎಂದು ಅನ್ನಿಸುತ್ತದೆ. ಹಾಕುವ ಮೊದಲು ಕೇಳಿ: ಅಪ್‌ಡೇಟ್‌ನಲ್ಲಿ ಡೇಟಾ ಹೊಸ ಬಗೆಗೆ ಬದಲಾಗಿದೆಯಾ? ಬದಲಾಗಿದ್ದರೆ ಹಳೆಯ ವರ್ಷನ್ ಅದನ್ನು ತೆರೆಯದೇ ಇರಬಹುದು. ಆಗ ಹಳೆಯ ಬ್ಯಾಕಪ್ ಬೇಕು, ಆಮೇಲಿನ ಬಿಲ್‌ಗಳನ್ನು ಮತ್ತೆ ಹಾಕಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಇನ್ನೂ ಒಂದು ನೋಡಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಪ್ರತಿ ತಿದ್ದುಪಡಿಯ ದಾಖಲೆ ಉಳಿಸುವ ಲೆಕ್ಕದ ಸಾಫ್ಟ್‌ವೇರನ್ನೇ ಬಳಸಬೇಕು. ಆ ಸೌಲಭ್ಯ ಇಲ್ಲದ ವರ್ಷನ್‌ಗೆ ಇಳಿದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾಗುತ್ತದೆ.

ವಿಂಡೋಸನ್ನೇ ಹಿಂದಕ್ಕೆ ಒಯ್ಯಬೇಕಾದರೆ ರಿಕವರಿಯಲ್ಲಿ ಗೋ ಬ್ಯಾಕ್ ಇದೆ. ದೊಡ್ಡ ಅಪ್‌ಗ್ರೇಡ್ ಆದ 10 ದಿನದ ಒಳಗೆ ಮಾತ್ರ ಅದು ಕೆಲಸ ಮಾಡುತ್ತದೆ. ಅಷ್ಟರಲ್ಲಿ ಡಿಸ್ಕ್ ಕ್ಲೀನ್ ಮಾಡಿ ಹಳೆಯ ವಿಂಡೋಸ್ ಫೋಲ್ಡರ್ ಅಳಿಸಿದ್ದರೆ ಆ ದಾರಿಯೂ ಇಲ್ಲ. ವಿಂಡೋಸ್ 11ರಿಂದ 10ಕ್ಕೆ ಮರಳುವವರಿಗೆ ಒಂದು ಮಾತು: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಸಹಾಯ ಕೇಳುವಾಗ "ಏನೂ ಕಾಣ್ತಿಲ್ಲ" ಎನ್ನಬೇಡಿ. ವರ್ಷನ್ ನಂಬರ್, ಯಾವ ದಿನ ಅಪ್‌ಡೇಟ್ ಆಯಿತು, ಎರಡನೇ ಹಂತದ ಉತ್ತರಗಳು, ಈವರೆಗೆ ಬದಲಾಯಿಸಿದ್ದರ ಪಟ್ಟಿ, ಫೋಟೋ. ಇಷ್ಟನ್ನು ಮೊದಲೇ ಕಳಿಸಿದರೆ ಅರ್ಧ ಕೆಲಸ ಮುಗಿದಂತೆ. ಫೋಟೋದಲ್ಲಿ ಗಿರಾಕಿಗಳ ಹೆಸರು, ಫೋನ್ ನಂಬರ್ ಮುಚ್ಚಿ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕಿದ ನಂಬರ್‌ಗೆ ಫೋನ್ ಮಾಡಬೇಡಿ. ಲೈಸೆನ್ಸ್ ಕಾಗದದಲ್ಲಿರುವ ನಂಬರ್‌ಗೇ ಮಾಡಿ.

ಅವರು ದೂರದಿಂದ ಕಂಪ್ಯೂಟರ್ ನೋಡುವುದಾದರೆ ಬ್ಯಾಂಕಿನ ಪುಟ, ಇಮೇಲ್ ಎಲ್ಲ ಮೊದಲೇ ಮುಚ್ಚಿ. ಕೆಲಸ ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಒಟಿಪಿ ಕೇಳಿದರೆ ಕೂಡಲೇ ಸಂಪರ್ಕ ಕಡಿಯಿರಿ. ಎಲ್ಲ ಸರಿಯಾದ ಮೇಲೆ ದೂರದಿಂದ ನೋಡುವ ಆ ಪ್ರೋಗ್ರಾಂ ಮುಚ್ಚಿ, ಅದರಲ್ಲಿ ಕಾಯಂ ಪಾಸ್‌ವರ್ಡ್ ಉಳಿದಿದೆಯಾ ನೋಡಿ ತೆಗೆಯಿರಿ. ನಂತರ ಒಂದು ಪರೀಕ್ಷೆಯ ಬಿಲ್ ಹಾಕಿ, ಹಳೆಯ ಬಿಲ್ ಪಕ್ಕದಲ್ಲಿಟ್ಟು ಹೆಸರು, ತಾರೀಕು, ತೆರಿಗೆ, ಮೊತ್ತ ಒಂದೊಂದಾಗಿ ತಾಳೆ ನೋಡಿ. ತಾಳೆಯಾದರೆ ಆ ಪರೀಕ್ಷೆಯ ಬಿಲ್ ರದ್ದು ಮಾಡಿ ಗಿರಾಕಿಗಳ ಬಿಲ್ ಶುರುಮಾಡಿ.

ಮುಂದಿನ ಅಪ್‌ಡೇಟನ್ನು ಪ್ರತಿ ತಿಂಗಳು ರಿಟರ್ನ್ ಕೊಡುವವರು ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನ್) ಕೊನೆಯ ದಿನವಾದ 11 ಮತ್ತು ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್) ಕೊನೆಯ ದಿನವಾದ 20ನೇ ತಾರೀಕಿನ ಆಸುಪಾಸಿನಲ್ಲಿ ಇಟ್ಟುಕೊಳ್ಳಬೇಡಿ. 20 ದಾಟಿದ ಮೇಲೆ, ಅಂಗಡಿಗೆ ರಜೆ ಇರುವ ದಿನದ ಹಿಂದಿನ ಸಂಜೆ, ಬ್ಯಾಕಪ್ ತೆಗೆದು, ಒಂದೇ ಕಂಪ್ಯೂಟರ್‌ನಲ್ಲಿ ಮೊದಲು ಹಾಕಿ ನೋಡಿ.